ಬಿಪಿ ಲೋ ಆದರೆ ಉಪ್ಪು ಶರಬತ್ತು ಸಾಕೇ?
ಕ್ಯಾನ್ಸರ್ ರೋಗಿ ಇರುವ ಮನೆಯವರಿಗೆ ಒಂದಿಷ್ಟು ಮಾತು

ನಮ್ಮ ಮನೆಗಳಲ್ಲಿ ಬಿಪಿ ಎಂದರೆ ಹೆಚ್ಚಾಗುವ ಕಾಯಿಲೆ. ಉಮ್ಮನಿಗೆ ಬಿಪಿ, ಬಾಪನಿಗೆ ಬಿಪಿ ಮತ್ತು ಶುಗರ್ ಎರಡೂ, ದಿನಾ ಬೆಳಿಗ್ಗೆ ಮಾತ್ರೆ. ಇಷ್ಟು ಎಲ್ಲರಿಗೂ ಗೊತ್ತು. ಬಿಪಿ ಇಳಿದರೆ ಮಾತ್ರ ಯಾರೂ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. "ಲೋ ಆದದ್ದಲ್ವಾ, ಏನೂ ಆಗುದಿಲ್ಲ" ಅಂತ ಲಿಂಬೆ ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿ ಕೊಟ್ಟು ಮಲಗಿಸುತ್ತೇವೆ. ಗಟ್ಟಿಮುಟ್ಟಾದವರಿಗೆ ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ ಕೂಡ.

ಕಿಮೋ, ರೇಡಿಯೇಷನ್ ಆಗುತ್ತಿರುವವರು ಮನೆಯಲ್ಲಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅವರಲ್ಲಿ ಬಿಪಿ ಇಳಿಯುವುದಕ್ಕೆ ಹತ್ತು ಕಾರಣ. ಕೆಲವು ಎರಡು ಗ್ಲಾಸ್ ನೀರಿಗೆ ಸರಿಹೋಗುತ್ತವೆ. ಕೆಲವಕ್ಕೆ ಹಳೆಯ ಮಾತ್ರೆಯೊಂದನ್ನು ಡಾಕ್ಟರು ನಿಲ್ಲಿಸಬೇಕಾಗುತ್ತದೆ. ಒಂದೆರಡು ಮಾತ್ರ ಬೆಳಗಾಗುವುದರೊಳಗೆ ಜೀವ ತೆಗೆಯುವಂಥವು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ರೀತಿ: ತಲೆಸುತ್ತು, ಕಣ್ಣು ಕತ್ತಲೆ, ಸುಸ್ತು. ಯಾವುದು ಯಾವುದೆಂದು ಸ್ವಲ್ಪ ಗುರುತು ಹಿಡಿಯಲು ಮನೆಯವರಿಗೆ ಬರಬೇಕು.

ಮೊದಲು ಅಂಕಿ. ಸಾಧಾರಣವಾಗಿ 90/60ಕ್ಕಿಂತ ಕೆಳಗೆ ಬಂದರೆ ಲೋ ಬಿಪಿ ಅನ್ನುತ್ತಾರೆ. ಆದರೆ ವರ್ಷಗಟ್ಟಲೆ 150ರಲ್ಲೇ ಇದ್ದವರಿಗೆ 105 ಬಂದರೂ ಅದು ಇಳಿದದ್ದೇ. ಹುಟ್ಟಿದಂದಿನಿಂದ 95ರಲ್ಲಿ ಆರಾಮಾಗಿ ಓಡಾಡುವ ಸಣಕಲು ಹೆಂಗಸರೂ ಇದ್ದಾರೆ. ಹಾಗಾಗಿ ಚಿಕಿತ್ಸೆ ಶುರುವಾಗುವ ಮೊದಲು ನಿಮ್ಮವರ ಮಾಮೂಲಿ ಬಿಪಿ ಎಷ್ಟಿತ್ತು ಎಂಬುದನ್ನು ಫೈಲಿನ ಮೇಲೆ ಬರೆದಿಡಿ. ಮೆಷಿನ್ ತೋರಿಸುವ ನಾಡಿಯನ್ನೂ ನೋಡಿ. ಬಿಪಿ 100, ನಾಡಿ 76 ಎಂದರೆ ಒಂದು ವಿಷಯ. ಬಿಪಿ 100, ನಾಡಿ 125 ಎಂದರೆ ದೇಹ ಒಳಗೆ ಕಷ್ಟಪಟ್ಟು ಎಳೆಯುತ್ತಿದೆ ಎಂದರ್ಥ.

ಗಲ್ಫಿನಿಂದ ಮಗ ಕಳಿಸಿದ ಬಿಪಿ ಮೆಷಿನ್ ಈಗ ಹೆಚ್ಚಿನ ಮನೆಗಳಲ್ಲಿ ಉಂಟು. ಅದರ ಪಟ್ಟಿ ತೋಳಿಗೆ ಸರಿಯಾಗಿ ಕೂತುಕೊಳ್ಳಬೇಕು. ಕಾಯಿಲೆಯಿಂದ ತೋಳು ಕಡ್ಡಿಯಂತಾದವರಿಗೆ ದಪ್ಪ ತೋಳಿನ ಪಟ್ಟಿ ಸುತ್ತಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸ್ತನ ಕ್ಯಾನ್ಸರಿಗೆ ಆಪರೇಶನ್ ಮಾಡಿ ಕಂಕುಳಿನ ಗಂಟು ತೆಗೆದಿದ್ದರೆ ಆ ಕೈ ಬಿಟ್ಟು ಇನ್ನೊಂದು ಕೈಗೆ ಕಟ್ಟಿ. ಕಿಮೋ ಕೊಡಲು ತೋಳಿನಲ್ಲಿ ಉದ್ದದ ನಳಿಗೆ ಇಟ್ಟಿದ್ದರೆ ಆ ಕೈಗೂ ಬೇಡ. ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ. ಆಮೇಲೆ ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಎದ್ದು ನಿಂತಾಗ ಬಿಪಿ ಬೀಳುವ ತೊಂದರೆ. ಬಾತ್‌ರೂಮಿನಲ್ಲಿ ಬಿದ್ದು ಸೊಂಟ ಮುರಿಯುವವರಲ್ಲಿ ಇಂಥವರು ತುಂಬ. ನಿಲ್ಲಿಸುವಾಗ ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಇರಲಿ.

ನೀರು ಹೋದರೆ ಬಿಪಿ ಹೋಯಿತು

ಅತಿ ಸಾಮಾನ್ಯ ಕಾರಣ ಮೈಯಲ್ಲಿ ನೀರು ಕಡಿಮೆಯಾಗುವುದು. ಸಿಸ್‌ಪ್ಲಾಟಿನ್‌ನಂಥ ಔಷಧಿಗೆ ವಾಂತಿ, ಕರುಳಿನ ಕ್ಯಾನ್ಸರಿಗೆ ಕೊಡುವ ಕೆಲವು ಔಷಧಿಗಳಿಗೆ ಭೇದಿ. ನಮ್ಮ ಕರಾವಳಿಯಲ್ಲಿ ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾದ ದೆಸೆಯಿಂದ ಬಾಯಿ, ಗಂಟಲಿನ ಕ್ಯಾನ್ಸರ್ ಯಾರಿಗೂ ಹೊಸತಲ್ಲ. ಆ ಜಾಗಕ್ಕೆ ರೇಡಿಯೇಷನ್ ಕೊಟ್ಟಾಗ ಎರಡು ಮೂರು ವಾರದಲ್ಲಿ ಬಾಯಿಯೆಲ್ಲ ಹುಣ್ಣು, ಎಂಜಲು ನುಂಗಲೂ ಆಗದು. "ಎಂತ ಕೊಟ್ಟರೂ ಬೇಡ ಅಂತಾರೆ" ಎಂದು ಮನೆಯವರು ಹೇಳುವಾಗ, ಆ ಮನುಷ್ಯ ದಿನಕ್ಕೆ ಎರಡು ಲೋಟ ನೀರೂ ಕುಡಿದಿರುವುದಿಲ್ಲ. ಮೂಗಿನ ನಳಿಗೆ ಹಾಕುವ ಎಂದು ಡಾಕ್ಟರು ಹೇಳಿದರೆ ಹೆದರಿ ಓಡುವವರೇ ಹೆಚ್ಚು. ಹುಣ್ಣು ಮಾಯುವವರೆಗೆ ಆ ನಳಿಗೆಯಲ್ಲಿ ನೀರು, ಗಂಜಿ ಹೋಗುತ್ತಿದ್ದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ತಪ್ಪುತ್ತದೆ. ಅದಕ್ಕೆ ಒಪ್ಪಿಕೊಳ್ಳುವುದೇ ಒಳ್ಳೆಯದು ಎಂದು ನಾವು ಹೇಳುತ್ತೇವೆ.

ಬೆಂಗಳೂರಿನ ಕಿದ್ವಾಯಿಗೆ ಹೋಗಿ ಕಿಮೋ ತೆಗೆದುಕೊಂಡು ರಾತ್ರಿ ಬಸ್ಸಿನಲ್ಲಿ ಊರಿಗೆ ಬರುವವರದ್ದು ಇನ್ನೊಂದು ಕಷ್ಟ. ದಾರಿಯಲ್ಲಿ ಮೂತ್ರಕ್ಕೆ ಎಲ್ಲಿ ಇಳಿಯುವುದು ಎಂದು ಹೆಂಗಸರು ಸಂಜೆಯಿಂದಲೇ ನೀರು ಮುಟ್ಟುವುದಿಲ್ಲ. ಮೇಲೆ ಶಿರಾಡಿ ಘಾಟಿಯ ತಿರುವಿನಲ್ಲಿ ವಾಂತಿ. ಮಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ನಿಲ್ಲಲು ಕಾಲಿಲ್ಲ. ಆದರೆ ಒಂದು ರಾತ್ರಿ ಅಲ್ಲೇ ಉಳಿದು, ಹಗಲು ಬನ್ನಿ. ವಾಂತಿಯ ಮಾತ್ರೆ ಬಸ್ ಹತ್ತುವ ಮೊದಲೇ ಕೊಡಿ.

ಕುಡಿಯಲು ಏನು? ವಾಂತಿ, ಭೇದಿ ಇದ್ದರೆ ಓಆರ್‌ಎಸ್ ಪುಡಿಯೇ ಸರಿ, ಒಂದು ಲೀಟರಿನ ಪ್ಯಾಕೆಟ್ಟಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಸಿಗದಿದ್ದರೆ ಲೀಟರ್ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯಲ್ಲಿ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯವನ್ನು ಓಆರ್‌ಎಸ್ ಎಂದು ನಂಬಬೇಡಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ. ಭೇದಿಗೆ ಓಆರ್‌ಎಸ್ ಬದಲು ಅದೊಂದೇ ಸಾಕಾಗುವುದಿಲ್ಲ, ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರನ್ನು ಕೇಳದೆ ಕೊಡಬಾರದು. ಉಪ್ಪು ಹಾಕಿದ ಗಂಜಿ ತೆಳಿ, ತೆಳು ಸೂಪ್, ಮಜ್ಜಿಗೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಬಾಯಿ ಹುಣ್ಣಿನವರಿಗೆ ಉಪ್ಪು, ಹುಳಿ, ಖಾರ ಉರಿಯುತ್ತದೆ, ಅವರಿಗೆ ತಣ್ಣಗೆ ಮಾಡಿ ಸಪ್ಪೆಯಾಗಿ ಕೊಡಿ. ಒಮ್ಮೆಲೇ ಲೋಟಗಟ್ಟಲೆ ಕುಡಿಸಿದರೆ ವಾಂತಿಯಾಗಿ ಹೋಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು. ಆರೇಳು ಗಂಟೆಯಾದರೂ ಮೂತ್ರ ಬಾರದಿದ್ದರೆ, ಬಂದದ್ದು ಚಾ ಬಣ್ಣಕ್ಕೆ ತಿರುಗಿದ್ದರೆ, ಮನೆ ಮದ್ದು ಸಾಕು, ಡ್ರಿಪ್ ಬೇಕು.

ಹಳೆಯ ಮಾತ್ರೆ

ಇದನ್ನು ನಾವು ಒತ್ತಿ ಹೇಳಬೇಕು. ಹತ್ತು ವರ್ಷದಿಂದ ಬಿಪಿಗೆ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ತಿನ್ನುತ್ತಿರುವ ಬಾಪನಿಗೆ ಕ್ಯಾನ್ಸರ್ ಬಂತು. 75 ಕೆಜಿ ಇದ್ದವರು 58ಕ್ಕೆ ಇಳಿದರು. ಊಟ ಕಾಲು ಭಾಗ. ಮಾತ್ರೆ ಮಾತ್ರ ಅದೇ, ದಿನ ತಪ್ಪದೆ ನಡೆಯುತ್ತಾ ಇದೆ. ಕ್ಯಾನ್ಸರ್ ಡಾಕ್ಟರು "ಬಿಪಿಯ ಡಾಕ್ಟರು ನೋಡಿಕೊಳ್ಳುತ್ತಾರೆ" ಎಂದುಕೊಂಡಿರುತ್ತಾರೆ, ಬಿಪಿಯ ಡಾಕ್ಟರಿಗೆ ಇವರು ಆರು ತಿಂಗಳಿಂದ ಮುಖ ತೋರಿಸಿರುವುದಿಲ್ಲ. ಯಾರೂ ಆ ಮಾತ್ರೆಯ ಕಡೆ ನೋಡುವುದೇ ಇಲ್ಲ. ಮೂತ್ರ ಹೋಗಿಸುವ ಮಾತ್ರೆ ಸೇರಿಕೊಂಡಿದ್ದರೆ ಕೇಳುವುದೇ ಬೇಡ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್, ನೋವಿಗೆ ಕೊಡುವ ಮಾರ್ಫಿನ್, ನಿದ್ದೆಯ ಮಾತ್ರೆ, ಇವೂ ಬಿಪಿ ಇಳಿಸಬಲ್ಲವು.

ಹಾಗೆಂದು ನಾಳೆಯಿಂದಲೇ ನೀವಾಗಿ ಎಲ್ಲ ನಿಲ್ಲಿಸಬೇಡಿ. ಕೆಲವು ಬಿಪಿ, ಹೃದಯದ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಅದೇ ಅಪಾಯ. ಮನೆಯಲ್ಲಿರುವ ಅಷ್ಟೂ ಮಾತ್ರೆಯ ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮುಂದಿನ ಸಲ ಕಿಮೋಗೆ ಹೋಗುವಾಗ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. "ಡಾಕ್ಟ್ರೇ, ಇದರಲ್ಲಿ ಯಾವುದು ಬೇಕು, ಯಾವುದು ಬೇಡ? ವಾಂತಿ ಭೇದಿ ಆದ ದಿನ ಯಾವುದನ್ನು ಬಿಡಬೇಕು?" ಈ ಎರಡು ಪ್ರಶ್ನೆ ಕೇಳಿ ಬನ್ನಿ. ಶುಗರ್ ಇದ್ದವರು ಅದರ ಮಾತ್ರೆ, ಇನ್ಸುಲಿನ್ ಬಗ್ಗೆಯೂ ಕೇಳಬೇಕು. ಊಟ ಮಾಡದೆ ಇನ್ಸುಲಿನ್ ತೆಗೆದುಕೊಂಡರೆ ಆಗುವ ಬೆವರು, ತಲೆಸುತ್ತು ಥೇಟ್ ಲೋ ಬಿಪಿಯ ಹಾಗೇ ಕಾಣುತ್ತದೆ. ಬಿಪಿ ನೋಡುವಾಗ ಬೆರಳು ಚುಚ್ಚಿ ಶುಗರೂ ನೋಡುವುದು ಅದಕ್ಕೇ.

ಇನ್ನೊಂದು ಸ್ಟಿರಾಯ್ಡ್. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರಿನ ಸಣ್ಣ ಮಾತ್ರೆಗಳು. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ತಿಂದವರ ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. "ಸ್ಟಿರಾಯ್ಡ್ ಕೆಟ್ಟದ್ದಂತೆ" ಎಂದು ಯಾರೋ ಹೇಳಿದ್ದು ಕೇಳಿ ಒಂದೇ ದಿನ ಬಿಟ್ಟರೆ ಬಿಪಿ ನೆಲಕ್ಕೆ ಬೀಳುತ್ತದೆ. ಅದನ್ನು ಡಾಕ್ಟರು ಹಂತ ಹಂತವಾಗಿ ಇಳಿಸುತ್ತಾರೆ.

ಸುಬಹಿವರೆಗೆ ಕಾಯಬೇಡಿ

ಈಗ ಜೀವದ ವಿಷಯ. ಕಿಮೋ ಕೊಟ್ಟ ಮೇಲೆ ರಕ್ತದ ಬಿಳಿಕಣಗಳು ಇಳಿಯುತ್ತವೆ. ಸಾಧಾರಣವಾಗಿ 7ರಿಂದ 14ನೇ ದಿನದೊಳಗೆ ತೀರ ಕೆಳಮಟ್ಟಕ್ಕೆ ಹೋಗುತ್ತವೆ. ಆಗ ಸೋಂಕು ತಗಲಿದರೆ ಅದನ್ನು ಎದುರಿಸುವ ಸೈನ್ಯವೇ ಇರುವುದಿಲ್ಲ. ಕೀವು ಇಲ್ಲ, ಊತ ಇಲ್ಲ, ಕೆಮ್ಮೂ ಇರಲಿಕ್ಕಿಲ್ಲ. ಜ್ವರ ಒಂದೇ ಗುರುತು. ರಕ್ತಕ್ಕೆ ಸೋಂಕು ಹಬ್ಬಿದಾಗ ರಕ್ತನಾಳಗಳು ಸಡಿಲವಾಗಿ ಬಿಪಿ ಇಳಿಯುತ್ತದೆ, ಕಿಡ್ನಿ, ಮಿದುಳಿಗೆ ರಕ್ತ ಸಾಲದಾಗುತ್ತದೆ. ಇದಕ್ಕೆ ಸೆಪ್ಸಿಸ್ ಎನ್ನುತ್ತಾರೆ. ಇಲ್ಲಿ ಉಪ್ಪು ಶರಬತ್ತು ಕೊಟ್ಟು ಮಲಗಿಸಿದ ಪ್ರತಿ ಗಂಟೆಯೂ ನಷ್ಟ. ಆಸ್ಪತ್ರೆ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು ಎಂಬುದು ವೈದ್ಯರ ನಿಯಮ.

ನಮ್ಮ ಮನೆಗಳಲ್ಲಿ ಆಗುವುದೇನು? ರಾತ್ರಿ ಎರಡು ಗಂಟೆ. ಗಂಡಸರು ದುಬೈಯಲ್ಲೋ ಜುಬೈಲಿನಲ್ಲೋ. ಮನೆಯಲ್ಲಿ ಅತ್ತೆ, ಸೊಸೆ, ಮಕ್ಕಳು.

"ಉಮ್ಮಾ, ಬಾಪನಿಗೆ ಜ್ವರ 101 ಉಂಟು, ಬಿಪಿ ತೊಂಬತ್ತಕ್ಕೆ ಬಂದಿದೆ. ಹೋಗುವನಾ?"

"ಈ ರಾತ್ರಿಯಲ್ಲಿ ಎಲ್ಲಿಗೆ ಮಗಳೇ? ಒಂದು ಜ್ವರದ ಮಾತ್ರೆ ಕೊಡು, ಸುಬಹಿ ಆಗಲಿ. ಅವ ಫೋನ್ ಮಾಡ್ತಾನಲ್ಲ, ಅವನತ್ರ ಒಂದು ಮಾತು ಕೇಳಿಯೇ ಹೋಗುವ."

ಇಂಥ ಮಾತು ಎಷ್ಟು ಮನೆಗಳಲ್ಲಿ ನಡೆದಿಲ್ಲ! ಆ ಉಮ್ಮನನ್ನು ದೂರುವಂತಿಲ್ಲ. ಗಾಡಿ ಯಾರು ತರುವುದು, ದುಡ್ಡು ಎಷ್ಟಾಗುವುದು, ಹೆಂಗಸರಿಬ್ಬರೇ ಹೇಗೆ ಹೋಗುವುದು, ಎಲ್ಲವೂ ಅವರ ತಲೆಯಲ್ಲಿ ಓಡುತ್ತಿರುತ್ತದೆ. ಅದಕ್ಕಾಗಿಯೇ ಈ ತೀರ್ಮಾನವನ್ನು ರಾತ್ರಿ ಎರಡು ಗಂಟೆಗೆ ಮಾಡುವಂತಿರಬಾರದು. ಕಿಮೋ ಶುರುವಾಗುವ ವಾರವೇ ಗಲ್ಫಿನಲ್ಲಿರುವ ಮಗ ಮನೆಯವರಿಗೆ ಹೇಳಿಬಿಡಲಿ: ಜ್ವರ 100.4 ದಾಟಿದರೆ ನನ್ನನ್ನು ಕೇಳಬೇಡಿ, ಹೋಗಿ, ದಾರಿಯಲ್ಲಿ ಫೋನ್ ಮಾಡಿದರೆ ಸಾಕು. ನೆರೆಮನೆಯ ಒಬ್ಬ ಹುಡುಗನನ್ನೋ ಆಟೋದವರನ್ನೋ ಮೊದಲೇ ಗೊತ್ತುಮಾಡಿಡಿ. 108 ಆ್ಯಂಬುಲೆನ್ಸ್ ಉಂಟು. ಮೊಹಲ್ಲಾದ ಯುವಕರ ಸಂಘದವರು ಶವಸಂಸ್ಕಾರಕ್ಕೆ, ಮದುವೆಗೆ ಓಡಿ ಬರುವ ಹಾಗೆಯೇ ಇದಕ್ಕೂ ಬರುತ್ತಾರೆ, ಮೊದಲೇ ಹೇಳಿಟ್ಟರೆ.

ಜ್ವರದ ಮಾತ್ರೆಯದ್ದು ಇನ್ನೊಂದು ಮೋಸ. ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಇಳಿದು ಎಲ್ಲ ಸರಿಯಾದಂತೆ ಕಾಣುತ್ತದೆ, ಒಳಗೆ ಸೋಂಕು ಏರುತ್ತಲೇ ಇರುತ್ತದೆ. ಮೊದಲು ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಿ, ಆಸ್ಪತ್ರೆಗೆ ಫೋನ್ ಮಾಡಿ, ಆಮೇಲೆ ಮಾತ್ರೆ. ವಯಸ್ಸಾದವರಿಗೆ, ಸ್ಟಿರಾಯ್ಡ್ ತಿನ್ನುವವರಿಗೆ ಜ್ವರವೇ ಬಾರದೆಯೂ ಸೆಪ್ಸಿಸ್ ಆಗಬಹುದು. ಗಡಗಡ ನಡುಕ, ಮಾತು ತಡವರಿಸುವುದು, ಮನೆಯವರ ಗುರುತು ತಪ್ಪುವುದು, ಏದುಸಿರು, ತಣ್ಣಗೆ ಬೆವರಿದ ಕೈಕಾಲು, ಮೂತ್ರ ನಿಂತದ್ದು, ಇವುಗಳ ಜೊತೆ ಬಿಪಿ ಇಳಿದಿದ್ದರೆ ಥರ್ಮಾಮೀಟರ್ ಏನೇ ಹೇಳಲಿ, ಹೊರಡಿ. ಕ್ಯಾಶುವಾಲಿಟಿಗೆ ಹೋದೊಡನೆ "ತಲೆಸುತ್ತು" ಎಂದಷ್ಟೇ ಹೇಳಿ ಬೆಂಚಿನಲ್ಲಿ ಕೂರಬೇಡಿ. "ಕಿಮೋ ಆಗಿ ಒಂಬತ್ತನೇ ದಿನ, ಜ್ವರ ಉಂಟು, ಬಿಪಿ ಇಷ್ಟು" ಎಂದು ಮೊದಲ ವಾಕ್ಯದಲ್ಲೇ ಹೇಳಿ, ಫೈಲ್ ಮುಂದಿಡಿ.

ಇದೇ ಅವಧಿಯಲ್ಲಿ ರೋಗಿಯನ್ನು ನೋಡಲು ಬರುವವರ ಬಗ್ಗೆಯೂ ಒಂದು ಮಾತು. ರೋಗಿಯನ್ನು ಕಂಡು ದುಆ ಮಾಡುವುದು ನಮ್ಮ ದೊಡ್ಡ ಸುನ್ನತ್. ಬಿಳಿಕಣ ಇಳಿದ ವಾರದಲ್ಲಿ ಮಾತ್ರ ಬಾಗಿಲಲ್ಲಿ ನಿಂತು, ಮಾಸ್ಕ್ ಹಾಕಿ, ಐದು ನಿಮಿಷದಲ್ಲಿ ಮುಗಿಸಿ. ಶೀತ, ಕೆಮ್ಮು ಇದ್ದವರು ಫೋನಿನಲ್ಲೇ ಸಲಾಂ ಹೇಳಿದರೆ ಸಾಕು. ಓದಿ ಊದಿದ ನೀರು ಕುಡಿಸುವವರು ಕುದಿಸಿ ಆರಿಸಿದ ನೀರಿಗೇ ಓದಲಿ. ಹಿಜಾಮ ಬೇಡವೇ ಬೇಡ. ಕಿಮೋ ನಡೆಯುವಾಗ ಪ್ಲೇಟ್‌ಲೆಟ್ ಇಳಿದಿರುತ್ತದೆ, ಕೊರೆದ ಗಾಯದಿಂದ ರಕ್ತ ನಿಲ್ಲದೆ ಹೋಗಬಹುದು, ಅದೇ ಗಾಯದಿಂದ ಸೋಂಕು ಒಳಗೆ ಹೋಗಬಹುದು. ಕರಿಜೀರಿಗೆ ಎಣ್ಣೆ, ಕಷಾಯ, ಯಾವುದೇ ನಾಟಿ ಮದ್ದು ಕೊಡುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ. ಬೈದರೆ ಬೈಯಲಿ.

ಆಸ್ಪತ್ರೆಯಲ್ಲೇ, ಕಿಮೋ ಹನಿಯುತ್ತಿರುವಾಗಲೇ ಬಿಪಿ ಬೀಳುವುದೂ ಉಂಟು. ಪ್ಯಾಕ್ಲಿಟಾಕ್ಸೆಲ್, ರಿಟುಕ್ಸಿಮ್ಯಾಬ್‌ನಂಥವಕ್ಕೆ ಕೆಲವರ ಮೈ ಒಗ್ಗುವುದಿಲ್ಲ. ಎಟೊಪೊಸೈಡನ್ನು ವೇಗವಾಗಿ ಹರಿಸಿದರೂ ಹಾಗಾಗುತ್ತದೆ. ಬೇಗ ಮನೆಗೆ ಹೋಗುವ ಆಸೆಗೆ ಡ್ರಿಪ್ಪಿನ ಚಕ್ರ ತಿರುಗಿಸುವ ಜೊತೆಗಾರರನ್ನು ವಾರ್ಡುಗಳಲ್ಲಿ ಕಾಣುತ್ತೇವೆ, ದಯವಿಟ್ಟು ಅದನ್ನು ಮುಟ್ಟಬೇಡಿ. ಎದೆ ಬಿಗಿತ, ಮೈ ತುರಿಕೆ, ಮುಖ ಕೆಂಪಾದರೆ ಸಿಸ್ಟರನ್ನು ಕೂಗಿ.

ಹೃದಯದ ಕಡೆಯದ್ದೂ ಒಂದಿದೆ. ಡೊಕ್ಸೊರುಬಿಸಿನ್ ಎಂಬ ಕೆಂಪು ಔಷಧಿ, ಟ್ರಾಸ್ಟುಜುಮ್ಯಾಬ್, ಇವುಗಳಿಂದ ಕೆಲವರಿಗೆ ಹೃದಯದ ಬಲ ಕುಗ್ಗುತ್ತದೆ. ಇಕೋ ಮಾಡಿಸಿ ಎನ್ನುವುದು ಅದಕ್ಕೆ. ಕಾಲು ಊದಿ, ಮಲಗಿದರೆ ಉಸಿರು ಕಟ್ಟುವವರಿಗೆ ಬಿಪಿ ಇಳಿದಿದೆಯೆಂದು ಉಪ್ಪು ನೀರು ಕುಡಿಸಿದರೆ ಇನ್ನಷ್ಟು ಕಷ್ಟ. ಥಟ್ಟನೆ ಎದೆನೋವು, ಉಸಿರಾಟದ ತೊಂದರೆಯೊಂದಿಗೆ ಬಿಪಿ ಬಿದ್ದರೆ ಶ್ವಾಸಕೋಶದ ರಕ್ತನಾಳದಲ್ಲಿ ಗಡ್ಡೆ ಸಿಕ್ಕಿರಬಹುದು. ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ಒಳಗೆ ರಕ್ತ ಹೋಗುತ್ತಿದೆ. ಇವಕ್ಕೆಲ್ಲ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ನಮಾಝ್, ನೋಂಬು

ಹಾಸಿಗೆಯಿಂದ ಏಳುವ ಕ್ಷಣ, ಸುಜೂದಿನಿಂದ ಎದ್ದು ನಿಲ್ಲುವ ಕ್ಷಣ, ಬಿಸಿನೀರಿನ ಸ್ನಾನ ಮುಗಿದ ಕ್ಷಣ, ಹೊಟ್ಟೆ ತುಂಬ ಉಂಡ ಮೇಲಿನ ಅರ್ಧ ಗಂಟೆ, ಬಿಪಿ ಬೀಳುವುದು ಈ ಹೊತ್ತುಗಳಲ್ಲೇ ಹೆಚ್ಚು. ವಿನ್‌ಕ್ರಿಸ್ಟಿನ್‌ನಂಥ ಔಷಧಿಯಿಂದಲೋ ಹಳೆಯ ಶುಗರಿನಿಂದಲೋ ನರ ಸೋತವರಿಗೆ ಇದು ದಿನನಿತ್ಯದ ಪಾಡು. ಸುಬಹಿಗೆ ಎಚ್ಚರವಾದರೆ ಥಟ್ಟನೆ ಏಳದೆ, ಮಲಗಿದಲ್ಲೇ ಪಾದ ಆಡಿಸಿ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕುಳಿತು, ಡಾಕ್ಟರು ನೀರಿಗೆ ಮಿತಿ ಹೇಳಿರದಿದ್ದರೆ ಎರಡು ಗ್ಲಾಸ್ ನೀರು ಕುಡಿದು ಆಮೇಲೆ ಎದ್ದರೆ ಬೀಳುವುದು ಎಷ್ಟೋ ತಪ್ಪುತ್ತದೆ. ವುಝೂ ಕುಳಿತು ಮಾಡಲಿ, ಸ್ನಾನಕ್ಕೆ ಸ್ಟೂಲ್ ಇಡಿ. ಬಾತ್‌ರೂಮಿನ ಚಿಲಕ ಒಳಗಿನಿಂದ ಹಾಕಬಾರದು. ರಾತ್ರಿ ಮೂತ್ರಕ್ಕೆ ಹಾಸಿಗೆಯ ಬಳಿಯೇ ಪಾತ್ರೆ ಇರಲಿ, ನಾಚಿಕೆ ಏಕೆ?

ನಿಂತು ನಮಾಝ್ ಮಾಡಲು ಆಗದವರು ಕುಳಿತು, ಅದೂ ಆಗದವರು ಮಲಗಿ ಮಾಡಬಹುದು ಎಂಬುದು ಚಿಕ್ಕ ಮಕ್ಕಳಿಗೂ ಮದ್ರಸದಲ್ಲಿ ಕಲಿಸುವ ಪಾಠ. ಆದರೂ ನಮ್ಮ ಹಿರಿಯರಿಗೆ ಕುರ್ಚಿಯಲ್ಲಿ ಕೂರಲು ಮನಸ್ಸು ಬರುವುದಿಲ್ಲ. ಖತೀಬರೇ ಒಮ್ಮೆ ಮನೆಗೆ ಬಂದು ಹೇಳಿದರೆ ಕೇಳುತ್ತಾರೆ. ಮಕ್ಕಳು ಹೇಳಿದ್ದನ್ನು ಯಾವ ಬಾಪ ಕೇಳಿದ್ದಾರೆ?

ರಮಝಾನಿನಲ್ಲಿ ಕಷ್ಟ ಜಾಸ್ತಿ. ಕಿಮೋ ನಡೆಯುತ್ತಿರುವಾಗ ಹದಿಮೂರು ಗಂಟೆ ನೀರಿಲ್ಲದೆ ಇರುವುದು ಬಿಪಿ, ಕಿಡ್ನಿ ಎರಡಕ್ಕೂ ಪೆಟ್ಟು. ರೋಗಿಗೆ ನೋಂಬು ಬಿಡುವ ರಿಯಾಯಿತಿಯನ್ನು ಕುರ್‌ಆನೇ ಕೊಟ್ಟಿದೆ. ಗುಣವಾಗುವ ನಿರೀಕ್ಷೆ ಇರುವವರು ಮುಂದೆ ಖಝಾ ಹಿಡಿಯಬಹುದು. ಗುಣವಾಗುವ ನಿರೀಕ್ಷೆ ಇಲ್ಲದವರಿಗೆ ಶಾಫಿಈ ಮದ್‌ಹಬಿನಲ್ಲಿ ದಿನಕ್ಕೆ ಒಂದು ಮುದ್ದ್ ಧಾನ್ಯ ಫಿದ್ಯಾ. ನಿಮ್ಮವರು ಯಾವುದಕ್ಕೆ ಸೇರುತ್ತಾರೆ ಎಂಬುದನ್ನು ಡಾಕ್ಟರ ಮಾತು ತಿಳಿದು ಉಸ್ತಾದರಲ್ಲಿ ಕೇಳಿ. ಹಗಲು ಮನೆಯವರೆಲ್ಲ ನೋಂಬಿನಲ್ಲಿರುವಾಗ ರೋಗಿಗೆ ನೀರು ಕುಡಿಯಲು ಸಂಕೋಚವಾಗುತ್ತದೆ, ಕೇಳಲೂ ಮುಜುಗರ. ಅವರು ಕೇಳುವ ಮೊದಲೇ ಗಂಟೆಗೊಮ್ಮೆ ಲೋಟ ಕೈಗೆ ಕೊಡುವ ಜವಾಬ್ದಾರಿ ಒಬ್ಬರಿಗೆ ಇರಲಿ.

ಹೇಳಲು ಕಷ್ಟವಾದರೂ ಹೇಳಬೇಕಾದದ್ದು ಒಂದಿದೆ. ಕಾಯಿಲೆ ಕೈಮೀರಿ, ಇನ್ನು ಚಿಕಿತ್ಸೆ ಇಲ್ಲ ಎಂದು ಡಾಕ್ಟರು ಹೇಳಿ ಮನೆಗೆ ಕರೆತಂದ ಮೇಲೆ ಕೊನೆಯ ದಿನಗಳಲ್ಲಿ ಬಿಪಿ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ. ಆಗ ಗಂಟೆಗೊಮ್ಮೆ ಮೆಷಿನ್ ಕಟ್ಟಿ, 70, 65 ಎಂದು ನೋಡಿ ಮನೆಯೆಲ್ಲ ಅಳುವುದರಿಂದ ಯಾರಿಗೂ ಉಪಕಾರವಿಲ್ಲ. "ಒಂದು ಡ್ರಿಪ್ ಆದರೂ ಹಾಕಿಸಿ" ಎಂದು ಸಂಬಂಧಿಕರು ಒತ್ತಾಯಿಸುತ್ತಾರೆ. ಆ ಹಂತದಲ್ಲಿ ನೀರನ್ನು ದೇಹ ಹಿಡಿದಿಟ್ಟುಕೊಳ್ಳದೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರಾಟ ಇನ್ನಷ್ಟು ಕಷ್ಟವಾಗಬಹುದು. ನೋವು ಕಡಿಮೆ ಮಾಡುವ ಮದ್ದು ತಪ್ಪದೆ ಕೊಡುವುದು, ತುಟಿ ಬಾಯಿ ಒದ್ದೆ ಮಾಡುವುದು, ಮಗ್ಗಲು ಬದಲಿಸುವುದು, ಹತ್ತಿರ ಕೂತು ಯಾಸೀನ್ ಓದುವುದು, ಆಗ ಮಾಡಬೇಕಾದ ಕೆಲಸ ಇದು. ಉಪಶಾಮಕ ಆರೈಕೆಯ ಡಾಕ್ಟರು ಈ ವಿಷಯಗಳನ್ನು ಕೂತು ಮಾತಾಡುತ್ತಾರೆ. ಮೊದಲೇ ಅವರನ್ನು ಕಾಣುವುದು ಒಳ್ಳೆಯದು.

ಉಳಿದವರು, ಅಂದರೆ ಚಿಕಿತ್ಸೆ ನಡೆಯುತ್ತಿರುವವರ ಮನೆಯವರು, ಇವತ್ತೇ ಒಂದು ಹಾಳೆ ತೆಗೆದು ಇಷ್ಟು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ: ಕಾಯಿಲೆಯ ಹೆಸರು, ಕಿಮೋ ಔಷಧಿಯ ಹೆಸರು, ಕೊನೆಯ ಕಿಮೋ ಆದ ತಾರೀಕು, ಮಾಮೂಲಿ ಬಿಪಿ, ತಿನ್ನುವ ಎಲ್ಲ ಮಾತ್ರೆಗಳು, ಯಾವ ಔಷಧಿ ಆಗುವುದಿಲ್ಲ, ರಕ್ತದ ಗುಂಪು, ಆಸ್ಪತ್ರೆಯ ರಾತ್ರಿ ಫೋನ್ ನಂಬರ್, ಗಾಡಿಯವರ ನಂಬರ್. ಅದರ ಒಂದು ಫೋಟೊ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಲಿ. ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಫೈಲಿನ ಒಳಗೇ ಇರಲಿ, ರಾತ್ರಿ ಹೊತ್ತು ಕಪಾಟು ಹುಡುಕುವಂತಾಗಬಾರದು.